ಮರಾಠಿ ಬಾರದ ಕುರಿ

ನಮ್ಮ ಅಜ್ಜಿ ಯಮುನವ್ವನಿಗೆ ಸುಮ್ಮನೆ ಮಾತಾಡಲು ಬರುವುದಿಲ್ಲ. ಎದುರಿಗೆ ಬೈಸಿಕೊಳ್ಳುವವರು ಯಾರಾದರೂ ಬೇಕು. ಇದು ನನಗೆ ಸ್ಪಷ್ಟವಾದದ್ದು ಅವಳ ಬಾಯಿಯ ಹತ್ತಿರ ಮೊಬೈಲ್ ಹಿಡಿದು, "ಅಜ್ಜಿ, ಕುರಿ ನೂಕು ಅಂತ ಹೇಳು" ಎಂದು ಕೇಳಿದ ದಿನ.

"ಯಾರಿಗೆ ಹೇಳ್ಲಿ?"

"ಯಾರಿಗೂ ಅಲ್ಲ. ಇದಕ್ಕ ಹೇಳು."

"ಇದೇನ್ ಕುರಿ ನೂಕತೈತೇನ?"

"ಇಲ್ಲ ಅಜ್ಜಿ. ಆಟದಾಗ ಒಬ್ಬ ಹುಡುಗ ಇರ್ತಾನ. ಅಂವ ನೂಕ್ತಾನ."

"ಹಂಗಾರ ಅವನ್ನ ಕರಿ. ಅವಂಗ ಹೇಳ್ತೇನಿ."

ಆ ಹುಡುಗ ಇನ್ನೂ ಹುಟ್ಟಿರಲಿಲ್ಲ. ಇಚಲಕರಂಜಿಯಲ್ಲಿ ನನ್ನ ಗೆಳತಿ ಪ್ರಾಜಕ್ತಾ ಅವನ ಕಾಲು ಬರೆಯುತ್ತ ಕುಳಿತಿದ್ದಳು.

ಆಟ ನಾವಿಬ್ಬರೂ ಸೇರಿ ಮಾಡುತ್ತಿದ್ದದ್ದು. ಚಿತ್ರ ಅವಳದು, ಲೆಕ್ಕ ನನ್ನದು. ನಾನು ಭೌತಶಾಸ್ತ್ರ ಓದಿ ಯಡ್ರಾವದ ಒಂದು ನೂಲಿನ ಕಾರಖಾನೆಯ ಪ್ರಯೋಗಾಲಯದಲ್ಲಿದ್ದೇನೆ. ದಿನವಿಡೀ ನೂಲನ್ನು ಹರಿಯುವ ತನಕ ಎಳೆದು ಅದರ ಬಲ ಅಳೆಯುವುದು ನನ್ನ ಕೆಲಸ. ಬಹುಶಃ ಅದಕ್ಕೇ, ಎಳೆಯಲು ಬಾರದ, ಬರೀ ನೂಕಲು ಬರುವ ಆಟವೊಂದು ನನ್ನ ತಲೆಗೆ ಹೊಕ್ಕಿರಬೇಕು.

ಆಟದ ಕತೆ ಚಿಕ್ಕದು. ಸರಪಂಚ ಎಂಬ ಹೆಸರಿನ ಟಗರು ತನ್ನ ಹಿಂಡಿನ ಸಮೇತ ಬಸ್ಸಿನ ದಾರಿಗೆ ಅಡ್ಡ ಕುಳಿತುಬಿಟ್ಟಿದ್ದಾನೆ. ಬಸ್ಸಿನೊಳಗೆ ಮದುವೆಯ ಮಂದಿ. ಲಗ್ಗ ಎಂಬ ಹುಡುಗ ಒಂದೊಂದೇ ಕುರಿಯನ್ನು ಹಿಂದಿನಿಂದ ನೂಕಿ ಹಟ್ಟಿ ಸೇರಿಸಬೇಕು. ಕುರಿಗಳು ಚೌಕಾಕಾರದವು, ಸಂದೂಕಿಗೆ ಉಣ್ಣೆ ಬಂದ ಹಾಗೆ. ಒಂದನ್ನು ತಪ್ಪಿ ಮೂಲೆಗೆ ನೂಕಿದರೆ ಮುಗಿಯಿತು. ಎಳೆಯಲು ಬರುವುದಿಲ್ಲವಲ್ಲ, ಕೆಂಪು ಗುಂಡಿ ಒತ್ತಿ ಮೊದಲಿನಿಂದ ಶುರು ಮಾಡಬೇಕು. ನೂಕಿದಾಗಲೆಲ್ಲ ಕುರಿ ಅವಮಾನವಾದಂತೆ "ಬ್ಯಾ" ಎನ್ನುತ್ತದೆ. ಕನ್ನಡದ ಕಿವಿಗೆ ಅದು "ಬ್ಯಾಡ" ಎನ್ನಲು ಹೊರಟು ಅರ್ಧಕ್ಕೆ ನಿಲ್ಲಿಸಿದಂತೆ ಕೇಳುತ್ತದೆ. ಪರದೆಯ ಮೇಲೆ ಒಂದಕ್ಷರವೂ ಇಲ್ಲ. ಏನು ಮಾಡಬೇಕೆಂದು ಹೇಳುವವಳು ಬದುವಿನ ಮೇಲೆ ನಿಂತ ಅಜ್ಜಿ ಒಬ್ಬಳೇ.

ಆದ್ದರಿಂದ ಅಜ್ಜಿಯ ದನಿ ಬೇಕೇ ಬೇಕಿತ್ತು. ಅದಕ್ಕೆಂದೇ ಗಡಹಿಂಗ್ಲಜಕ್ಕೆ ಹೋಗಿ, ಅಲ್ಲಿಂದ ಉತ್ತೂರಿನ ದಾರಿ ಹಿಡಿದು ಅಜ್ಜಿಯ ಹಳ್ಳಿಗೆ ಬಂದಿದ್ದೆ. ದನಿ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಲಗಮಣ್ಣ ಮಾಮಾ ಕುರಿ ತುಂಬಿದ ಟೆಂಪೋವನ್ನು ಹಸಿ ಎರೆಮಣ್ಣಿಗೆ ಇಳಿಸಿದಾಗ. ಗಾಲಿ ಹೂತು ಕುಳಿತಿತು. ಮಾಮಾ ಇಂಜಿನ್ ಚಾಲೂ ಬಿಟ್ಟು, ಹಿಂದೆ ಬಂದು ಹೆಗಲು ಕೊಟ್ಟ. ಅಜ್ಜಿ ಬದುವಿನ ಮೇಲೆ ಸೆರಗು ಸಿಕ್ಕಿಸಿ ನಿಂತಳು.

"ನೂಕೋ! ನೂಕೋ ಮಗನ! ಮುಂಜಾನೆ ತಿಂದ ರೊಟ್ಟಿ ಎಲ್ಲಿ ಹೋತು? ನೂಕೋ!"

"ಯವ್ವಾ, ಕುರಿ ಇಳಸ್ಲೇನ? ಹಗರ ಆಕ್ಕೈತಿ."

"ಅವು ಯಾಕ ಇಳೀಬೇಕ? ಹೂತದ್ದು ಅವೇನ? ನೀ ನೂಕೋ!"

ಕುರಿಗಳು ಮೇಲಿನಿಂದ ಬಗ್ಗಿ ಮಾಮಾನನ್ನು ನೋಡುತ್ತಿದ್ದವು. ನಾನು ಮೊಬೈಲ್ ಎತ್ತಿ ಹಿಡಿದು ಎಲ್ಲವನ್ನೂ ತುಂಬಿಕೊಂಡೆ. ಟೆಂಪೋ ಹೊರಬಂದ ಮೇಲೆ ಅಜ್ಜಿಗೆ ಕೇಳಿಸಿದೆ. ಅವಳು ತನ್ನದೇ ದನಿಯನ್ನು ತಲೆ ಓರೆ ಮಾಡಿ ಆಲಿಸಿದಳು.

"ಗಂಟಲ ಚೊಲೋ ಐತಿ ಅಲಾ ನಂದು?"

"ಭಾಳ ಚೊಲೋ ಐತಿ."

"ಇದನ್ನ ಯಾರ್ ಕೇಳ್ತಾರ?"

"ಕೊಲ್ಹಾಪುರದಾಗ ಆಟಗೋಳ ಪ್ರದರ್ಶನ ಐತಿ. ಗೆದ್ದರ ಸಂಜೀಕ ದೊಡ್ಡ ಪಡದೆ ಮ್ಯಾಲ ತೋರಸ್ತಾರ. ತುಂಬಿದ ಸಭಾ ಕೇಳತೈತಿ."

ಈ ಊರಿನಲ್ಲಿ ಅವಳ ಮಾತನ್ನು ಕೇಳುವವರು ಮಾಮಾ ಮತ್ತು ಕುರಿಗಳು, ಅವರೂ ಅಷ್ಟಕ್ಕಷ್ಟೇ.

"ಹಂಗಾರ ನಾ ಬರಾಕಿ. ನನ್ನ ದನಿ ನಾ ಸಭಾದಾಗ ಕುಂತ ಕೇಳ್ಬೇಕ. ಕೇಳಸ್ತಿಯೇನ?"

"ಕೇಳಸ್ತೇನಿ," ಎಂದೆ. ಅಂದೇ ಬಿಟ್ಟೆ. ಗೆಲ್ಲುವ ಆಟ ಯಾವುದೆಂದು ತೀರ್ಮಾನಿಸುವವಳು ನಾನಲ್ಲ ಎಂಬುದು ಬಸ್ಸಿನಲ್ಲಿ ಕುಳಿತ ಮೇಲೆ ನೆನಪಾಯಿತು.

ಇಚಲಕರಂಜಿಯಲ್ಲಿ ನಾವು ಆಟ ಕಟ್ಟಿದ್ದು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಗೋಡೆಯ ಆಚೆ ಮಗ್ಗಗಳ ಶೆಡ್ಡು. ಶೆಡ್ಡು ನಡೆಯುವಾಗ ನಮ್ಮ ಮನೆಯಲ್ಲಿ ಯಾರೂ ಮಾತು ಕೇಳುವುದಿಲ್ಲ, ತುಟಿ ನೋಡುತ್ತಾರೆ. ಪ್ರಾಜಕ್ತಾ ಮರಾಠಿಯವಳು. ಕನ್ನಡದಲ್ಲಿ ಊಟ, ನೀರು, ಬಾ, ಹೋಗು ಇಷ್ಟು ಬರುತ್ತದೆ. ಉಳಿದದ್ದಕ್ಕೆ ನಾವು ಮರಾಠಿ ಬಳಸುತ್ತೇವೆ. ಅವಳು ಆಟವನ್ನು ಹಿಂದೆ ಮುಂದೆ, ಅಡ್ಡ ಉದ್ದ ಆಡಿ ಪರೀಕ್ಷಿಸಿದ್ದಳು. ಆದರೆ ಅಜ್ಜಿಯ ದನಿಯನ್ನು ಒಮ್ಮೆಯೂ ಕೇಳಿರಲಿಲ್ಲ. ಪರದೆಯ ಮೇಲಿನ ಅಜ್ಜಿ ಬಾಯಿ ತೆರೆದು ಮುಚ್ಚಿದರೆ ಅವಳಿಗೆ ಸಾಕಾಗಿತ್ತು. ಏನು ಮಾಡಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತಲ್ಲ.

ಹೀಗೆ ನಾವು ಕೊಲ್ಹಾಪುರ ತಲುಪಿದೆವು. ಒಂದು ಕಾಲೇಜಿನ ಸಭಾಂಗಣ, ಸಾಲು ಮೇಜು, ಮೇಜಿಗೊಂದು ಆಟ. ನಮ್ಮ ಮೇಜಿನ ಮೇಲೆ ಲ್ಯಾಪ್‌ಟಾಪು, ಹೆಡ್‌ಫೋನು, ಪ್ರಾಜಕ್ತಾ ಕಟ್ಟಿಗೆಯಲ್ಲಿ ಮಾಡಿದ ಗುಂಡಿಗಳ ಡಬ್ಬಿ: ನಾಲ್ಕು ದಿಕ್ಕಿಗೆ ನಾಲ್ಕು, ನಡುವೆ ಹಳೆಯ ಮಗ್ಗದ ಸ್ವಿಚ್ಚಿನಿಂದ ಕಿತ್ತ ದೊಡ್ಡ ಕೆಂಪು ಗುಂಡಿ. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಧೀರಜ ಸರ್ ನಿಯಮ ಹೇಳಿದರು. ಯಾವ ಆಟವನ್ನು ಅಪರಿಚಿತರೊಬ್ಬರು ಕೊನೆ ಮುಟ್ಟಿಸುತ್ತಾರೋ ಅದು ಸಂಜೆ ವೇದಿಕೆಗೆ. ಮಾಡಿದವರು ಬಾಯಿ ಬಿಡುವಂತಿಲ್ಲ, ಬೆರಳು ತೋರಿಸುವಂತಿಲ್ಲ. ಬಿಟ್ಟರೆ ಆಟ ಹೊರಗೆ.

ಮೊದಲು ಕುಳಿತವನು ಕಾಲೇಜು ಹುಡುಗ. ಹೆಡ್‌ಫೋನ್ ಹಾಕಿಕೊಂಡ. ಲಗ್ಗನನ್ನು ನಡೆಸಿಕೊಂಡು ಕುರಿಯ ಹತ್ತಿರ ಬಂದ. ಪರದೆಯ ಅಜ್ಜಿ ಬಾಯಿ ತೆರೆದಳು. ಹುಡುಗ ಬೆಂಕಿ ಮುಟ್ಟಿದವನಂತೆ ಗುಂಡಿಯಿಂದ ಕೈ ಹಿಂದೆ ತೆಗೆದ. ಸುತ್ತು ಹಾಕಿ ಇನ್ನೊಂದು ಕಡೆಯಿಂದ ಬಂದ. ಮತ್ತೆ ಕೈ ತೆಗೆದ. ಆಮೇಲೆ ಲಗ್ಗನನ್ನು ಬಾವಿಕಟ್ಟೆಯ ಹತ್ತಿರ ಒಯ್ದು ನಿಲ್ಲಿಸಿ, ಏನಾದರೂ ಆಗಬಹುದೆಂದು ಕಾದ. ಏನೂ ಆಗಲಿಲ್ಲ. ಎದ್ದು ಹೋದ.

ಎರಡನೆಯವರು ಒಬ್ಬ ನಿವೃತ್ತ ಮಾಸ್ತರರು. ಅವರು ಕುರಿಯನ್ನು ಮುಟ್ಟಲೇ ಇಲ್ಲ. ಹೊಲವೆಲ್ಲ ಅಡ್ಡಾಡಿ, "ಸುಂದರ ಹೊಲ" ಎಂದು ಹೊಗಳಿದರು. ಮೂರನೆಯವಳು ಶಾಲೆಯ ಹುಡುಗಿ, ಪರದೆಯ ಅಜ್ಜಿಗೆ ಎರಡೂ ಕಿವಿ ಹಿಡಿದುಕೊಂಡು ಕ್ಷಮೆ ಕೇಳಿದಳು.

ಧೀರಜ ಸರ್ ತಾವೇ ಕುಳಿತು ನೋಡಿದರು. "ಛಾನ ಆಹೆ, ಪಣ ಕರಾಯಚಂ ಕಾಯ?" ಎಂದರು. ಚೆನ್ನಾಗಿದೆ, ಆದರೆ ಮಾಡುವುದೇನು? ನಾನು ತುಟಿ ಕಚ್ಚಿ ನಿಂತೆ.

ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು ಎಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಪರದೆಯ ಬೆಳಕು ಹೆಚ್ಚಿಸಿದೆ. ಯಾರೂ ನೂಕಲಿಲ್ಲ. ಲಗ್ಗನ ನಡಿಗೆ ನಿಧಾನ ಮಾಡಿದೆ. ಇನ್ನೂ ನಿಧಾನವಾಗಿ ನೂಕಲಿಲ್ಲ. ಪ್ರಾಜಕ್ತಾ ಕುರಿಯ ಬೆನ್ನಿಗೆ ಬಾಣದ ಗುರುತು ಬರೆದಳು. ಅದನ್ನು ನೋಡಿ ಒಬ್ಬರು, ಕುರಿ ಯಾರದೆಂದು ತಿಳಿಯಲು ಹಾಕಿದ ಬಣ್ಣ ಎಂದು ಪಕ್ಕದವರಿಗೆ ವಿವರಿಸಿದರು.

ಅಷ್ಟರಲ್ಲಿ ಒಬ್ಬ ದಪ್ಪನೆಯ ಗೃಹಸ್ಥರು ಕುಳಿತುಕೊಳ್ಳುವಾಗ ಮೊಣಕೈ ತಾಗಿ ಹೆಡ್‌ಫೋನಿನ ತಂತಿ ಕಿತ್ತುಬಂತು. ಅವರಿಗೆ ಗೊತ್ತಾಗಲಿಲ್ಲ. ಕುರಿಯ ಹಿಂದೆ ಬಂದರು, ನೂಕಿದರು. ಮತ್ತೊಂದನ್ನು ನೂಕಿದರು. ಪ್ರಾಜಕ್ತಾ ನನ್ನ ತೋಳನ್ನು ಹಿಂಡಿದಳು. ಮೂರನೆಯ ಕುರಿಯ ಹೊತ್ತಿಗೆ ಅವರು, "ಆವಾಜ ಯೇತ ನಾಹೀ" ಎಂದು ದನಿ ಬರುತ್ತಿಲ್ಲವೆಂದು ದೂರಿದರು. ಬಾಯಿ ಬಿಡದೆ ತಂತಿ ಸಿಕ್ಕಿಸಿದೆ. ಅವರು ಒಂದು ಕ್ಷಣ ಆಲಿಸಿ, ಎರಡೂ ಕೈ ಎತ್ತಿ, "ಅರೆ ಬಾಪರೆ, ಸಾರೀ ಸಾರೀ" ಎಂದು ಎದ್ದೇಬಿಟ್ಟರು.

ಪ್ರಾಜಕ್ತಾ ಹೆಡ್‌ಫೋನ್ ಕಸಿದು ತನ್ನ ಕಿವಿಗೆ ಹಾಕಿಕೊಂಡಳು. ಮೊದಲ ಬಾರಿಗೆ ಅಜ್ಜಿಯನ್ನು ಕೇಳಿದಳು. ಅವಳ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು, ಆಮೇಲೆ ಅವಳು ಮೇಜಿನ ಕೆಳಗೆ ಕುಳಿತುಬಿಟ್ಟಳು. ಅಳುತ್ತಿದ್ದಾಳೆಂದು ನಾನು ಬಗ್ಗಿದೆ. ನಗುತ್ತಿದ್ದಳು.

"ಪೂನಮ! ನಿನ್ನ ಅಜ್ಜಿ 'ನಕೋ' ಅಂತಿದ್ದಾಳೆ ಕಣೆ! ನಕೋ, ನಕೋ, ನಕೋ!" ಎಂದು ಮರಾಠಿಯಲ್ಲಿ ಉಸಿರುಗಟ್ಟಿ ಹೇಳಿದಳು.

"ಅದು ನೂಕೋ."

"ಹಾಗಂದರೆ?"

"ನೂಕು ಅಂತ. ಢಕಲ!"

"ಇಡೀ ಕೊಲ್ಹಾಪುರಕ್ಕೆ ನಕೋ, ಬೇಡ ಬೇಡ ಅಂತ ಕೇಳಿಸುತ್ತಿದೆ!"

ನಾನು ಹೆಡ್‌ಫೋನ್ ಹಾಕಿ, ಕನ್ನಡವನ್ನು ಮನಸ್ಸಿನಿಂದ ಬದಿಗಿಟ್ಟು ಆಲಿಸಿದೆ. ಹೌದು. ಎರಡೂ ಮಾತು ಹುಟ್ಟಿನಿಂದ ನನ್ನ ಬಾಯಲ್ಲಿದ್ದವು, ಆದರೆ ಬೇರೆ ಬೇರೆ ಕೋಣೆಗಳಲ್ಲಿ; ಎದುರುಬದುರು ಆಗಿರಲಿಲ್ಲ. ಅದೂ ಅಲ್ಲದೆ ಇನ್ನೊಂದು ಸಂಗತಿ ಇತ್ತು. ಟೆಂಪೋ ಇಂಜಿನ್ನಿನ ಗುರುಗುರು ತೆಗೆಯಲು ನಾನು ಕೆಳಗಿನ ಕಂಪನಗಳನ್ನೆಲ್ಲ ಸೋಸಿ ಹಾಕಿದ್ದೆ. 'ಊ' ಎಂಬ ಸ್ವರದ ಬಲವೆಲ್ಲ ಇರುವುದೂ ಅಲ್ಲೇ. ಇಂಜಿನ್ನಿನ ಜೊತೆ ಅಜ್ಜಿಯ 'ಊ' ಕೂಡ ಹೋಗಿತ್ತು. ಅಚ್ಚುಕಟ್ಟಾದ ಕೆಲಸ. ನಾನೇ ಹೆಮ್ಮೆಪಟ್ಟಿದ್ದೆ.

"ದನಿ ಮುಚ್ಚೋಣ," ಎಂದಳು ಪ್ರಾಜಕ್ತಾ, ಕಣ್ಣು ಒರೆಸಿಕೊಂಡು. "ಪೀಪೀ ಅಂತ ಒಂದು ಸಿಳ್ಳೆ ಹಾಕೋಣ. ದನಿ ಇಲ್ಲದಿದ್ದರೆ ನೂಕುತ್ತಾರೆ. ಕಣ್ಣಾರೆ ನೋಡಿದೆವಲ್ಲ."

"ತನ್ನ ದನಿ ಕೇಳಲು ಅಜ್ಜಿ ಆಗಲೇ ಬಸ್ಸು ಹತ್ತಿದ್ದಾಳೆ."

"ಹಾಗಾದರೆ ಫೋನ್ ಮಾಡು. ಢಕಲ ಅಂತ ಹೇಳಿಸು. ತುಂಬಿಕೊಳ್ಳೋಣ."

ಮಾಮಾನ ಫೋನಿಗೆ ಕರೆ ಮಾಡಿದೆ. ಅಜ್ಜಿಗೆ ಫೋನೆಂದರೆ ಊರಿಗೆ ಕೇಳುವಂತೆ ಮಾತಾಡುವ ಯಂತ್ರ. ಹಿಂದೆ ಬಸ್ಸಿನ ಸದ್ದು.

"ಅಜ್ಜಿ, ನೂಕೋ ಅನ್ನೂದನ್ನ ಮರಾಠಿಯಾಗ ಹೇಳ್ತಿಯೇನ? ಢಕಲ ಅಂತ?"

"ಯಾಕ?"

"ಇಲ್ಲಿ ಮಂದಿಗೆ ತಿಳೀವಲ್ದು."

"ಮಂದಿ ಕೂಡ ನಾ ಮರಾಠಿ ಮಾತಾಡ್ತೇನಿ. ಕುರಿ ಕೂಡ ಯಾಕ ಮಾತಾಡ್ಲಿ? ಕುರಿಗೆ ಮರಾಠಿ ಬರೂದಿಲ್ಲ!"

"ಕುರಿಗೆ ಅಲ್ಲ ಅಜ್ಜಿ, ಹುಡುಗಗ ಹೇಳೂದು."

"ಅಂವ ಯಾರ ಮಗ? ನಮ್ಮ ಲಗಮ್ಯಾನಂಗ ಅದಾನ ಅಂದಿ. ಲಗಮ್ಯಾಗ ಮರಾಠಿಯಾಗ ಬೈದರ ಹತ್ತೂದಿಲ್ಲ."

"ಹೌದ, ಹತ್ತೂದಿಲ್ಲ," ಎಂದು ಮಾಮಾ ಪಕ್ಕದಿಂದ ಒಪ್ಪಿಕೊಂಡ.

"ಮಾವಶೀ, ಹಳೂ ಬೋಲಾ," ಎಂದು ಕಂಡಕ್ಟರ್ ಮೆಲ್ಲಗೆ ಮಾತಾಡಲು ಬೇಡಿಕೊಂಡದ್ದೂ ಕೇಳಿಸಿತು.

"ಬೇಕಾದರ ದಬ್ಬೋ ಅಂತೇನಿ," ಎಂದಳು ಅಜ್ಜಿ, ದೊಡ್ಡ ಮನಸ್ಸು ಮಾಡಿ. "ಅದೂ ಅದ. ತಗೋ. ದಬ್ಬೋ! ದಬ್ಬೋ!"

ತುಂಬಿಕೊಂಡೆ. ಈ ಸಲ ಏನನ್ನೂ ಸೋಸಲಿಲ್ಲ. ಆಟಕ್ಕೆ ಹಾಕಿದೆವು. ಕುಳಿತ ಹುಡುಗ ಕುರಿಯ ಹತ್ತಿರ ಬಂದ, ಆಲಿಸಿದ, ಮುಖ ಅರಳಿತು. "ತೀ ದಾಬ ಮ್ಹಣತೇಯ!" ಎಂದ. ಮರಾಠಿಯಲ್ಲಿ ದಾಬ ಎಂದರೆ ಒತ್ತು. ಒತ್ತಲು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿದ್ದ ದೊಡ್ಡ ಕೆಂಪು ಗುಂಡಿ ಒತ್ತಿದ. ಆಟ ಮೊದಲಿನಿಂದ ಶುರುವಾಯಿತು. ಅಜ್ಜಿ ಮತ್ತೆ ದಬ್ಬೋ ಎಂದಳು. ಮತ್ತೆ ಒತ್ತಿದ. ತಾನು ಗೆಲ್ಲುತ್ತಿದ್ದೇನೆ ಎಂಬ ಪೂರ್ಣ ವಿಶ್ವಾಸದಿಂದ ಅವನು ಅದೇ ಮೊದಲ ಹೊಲದಲ್ಲಿ ಅದೆಷ್ಟು ಹೊತ್ತು ಇದ್ದನೋ. ಕೊನೆಗೆ ಅವನ ಗೆಳೆಯರು ಊಟಕ್ಕೆ ಎಳೆದುಕೊಂಡು ಹೋದರು.

ಹಳೆಯ ದನಿಯನ್ನೇ ಮರಳಿ ಹಾಕಿದೆ. ಪ್ರಾಜಕ್ತಾ ದನಿ ಮುಚ್ಚುವ ಕೀಲಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಮುಚ್ಚಿದರೆ ಆಟ ಬದುಕುತ್ತದೆ, ಅಜ್ಜಿ ಸಭೆಯಲ್ಲಿ ಕುಳಿತು ಸಿಳ್ಳೆ ಕೇಳುತ್ತಾಳೆ. ಮುಚ್ಚದಿದ್ದರೆ ವೇದಿಕೆಯೇ ಇಲ್ಲ. ಎರಡರಲ್ಲೂ ನಾನು ಸುಳ್ಳಿ.

"ಒಬ್ಬರು," ಎಂದೆ. "ಇನ್ನೊಬ್ಬರು ಆಡಲಿ. ಆಮೇಲೆ ಮುಚ್ಚು."

ಆ ಒಬ್ಬರು ಮನಿಷಾ ಆಗಿದ್ದರು. ಪಕ್ಕದ ಮೇಜಿನ ಹುಡುಗನ ವಹಿನಿ, ಅಂದರೆ ಅತ್ತಿಗೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಕೈತುಂಬ ಹಸಿರು ಬಳೆ. ಮೈದುನನಿಗೆ ಊಟದ ಡಬ್ಬಿ ತಂದವರು ಅವನು ತಿನ್ನುವ ತನಕ ಸುಮ್ಮನೆ ಯಾಕೆ ಎಂದು ನಮ್ಮಲ್ಲಿ ಕುಳಿತರು.

ಲಗ್ಗ ಕುರಿಯ ಹತ್ತಿರ ಬಂದ. ಅಜ್ಜಿ ಬಾಯಿ ತೆರೆದಳು. ಮನಿಷಾರ ಕೈ ನಿಂತಿತು. ಕಣ್ಣು ಕಿರಿದಾದವು. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು.

"ಅಗದೀ ಮಾಝ್ಯಾ ಸಾಸೂಬಾಯೀಂಚಾ ಆವಾಜ!" ಎಂದರು. ಥೇಟ್ ನಮ್ಮ ಅತ್ತೆಯ ದನಿ.

ಬೆನ್ನು ನೆಟ್ಟಗೆ ಮಾಡಿದರು. ಬಳೆ ಮೇಲೆ ಸರಿಸಿದರು. "ನಕೋ? ಕಾ ನಕೋ?" ಎಂದು ಪರದೆಯನ್ನು ಕೇಳಿದರು. ಬೇಡವೇ? ಯಾಕೆ ಬೇಡ?

ನೂಕಿದರು.

"ಬ್ಯಾ" ಎಂದಿತು ಕುರಿ.

"ನೂಕೋ!" ಎಂದಳು ಅಜ್ಜಿ.

"ಹೇ ಘೇ!" ಎಂದರು ಮನಿಷಾ, ತಗೋ ಎಂದು. ಇನ್ನೊಂದನ್ನು ನೂಕಿದರು. ಅಜ್ಜಿ ಕೂಗಿದಷ್ಟೂ ಅವರ ಮುಖಕ್ಕೆ ಕಳೆ ಬಂತು. ಪ್ರತಿ ನಕೋಗೆ ಒಂದು ನೂಕು. ಎರಡನೆಯ ಹೊಲದಲ್ಲಿ ಅಜ್ಜಿ ರೊಟ್ಟಿ ಎಲ್ಲಿ ಹೋತು ಎಂದಾಗ ಅವರು ಸುತ್ತ ಕೂಡಿದ ಮಂದಿಗೆ ತಿರುಗಿ, "ಆತಾ ರೋಟೀವರ ಆಲೀ!" ಎಂದು ವರದಿ ಕೊಟ್ಟರು: ಈಗ ರೊಟ್ಟಿಯ ಲೆಕ್ಕಕ್ಕೆ ಬಂದಳು! ಕೊನೆಯಲ್ಲಿ ಸರಪಂಚನನ್ನು ಹಟ್ಟಿಗೆ ನೂಕಿದಾಗ ಅವರು ಕುರ್ಚಿಯಿಂದ ಎದ್ದೇ ನಿಂತಿದ್ದರು. ಬಸ್ಸು ಹೊರಟಿತು, ಬ್ಯಾಂಡು ಬಾರಿಸಿತು. ಮನಿಷಾ ಹೆಡ್‌ಫೋನ್ ತೆಗೆದು, ಆಳವಾಗಿ ಉಸಿರು ಬಿಟ್ಟು, "ಪುನ್ಹಾ" ಎಂದರು. ಇನ್ನೊಮ್ಮೆ.

ಆದರೆ ಇನ್ನೊಮ್ಮೆ ಸಿಗಲಿಲ್ಲ, ಹಿಂದೆ ಸಾಲು ನಿಂತಿತ್ತು. ಸುದ್ದಿ ಹೇಗೆ ಹಬ್ಬಿತೋ ತಿಳಿಯದು. ಒಬ್ಬ ಮುದುಕಿ ಬೇಡ ಬೇಡ ಎಂದು ಒದರುತ್ತಾಳೆ, ನೀವು ಮಾಡುತ್ತ ಹೋಗಬೇಕು, ಅವಳು ಏನೂ ಮಾಡಲಾರಳು: ಇಂಥದೊಂದು ಆಟ ಬಂದಿದೆ ಎಂದು ಹೆಂಗಸರು ಹೆಂಗಸರಿಗೆ, ಮಕ್ಕಳು ಮಕ್ಕಳಿಗೆ ಹೇಳಿದರು. ಆ ನಿವೃತ್ತ ಮಾಸ್ತರರೂ ಮರಳಿ ಬಂದರು. ಎಷ್ಟೋ ವರ್ಷಗಳಿಂದ ಕಾಯುತ್ತಿದ್ದವರಂತೆ ನೂಕಿದರು.

ಒಂದೇ ದನಿ, ಒಂದೇ ಕುರಿ. ನಮ್ಮವರು ಮಾತು ಕೇಳಿ ನೂಕುತ್ತಾರೆ, ಇವರು ಮಾತು ಮೀರಿ ನೂಕುತ್ತಾರೆ. ಕುರಿ ಮಾತ್ರ ಅದೇ ಹಟ್ಟಿಗೆ ಹೋಗುತ್ತದೆ. ಇಂಥ ಫಲಿತಾಂಶ ಕಂಡರೆ ಪ್ರಯೋಗಾಲಯದಲ್ಲಿ ನಾವು ಉಪಕರಣ ಕೆಟ್ಟಿದೆ ಎನ್ನುತ್ತೇವೆ. ಪ್ರಾಜಕ್ತಾ ಕೀಲಿಯಿಂದ ಬೆರಳು ತೆಗೆದು ನನ್ನನ್ನು ಅಪ್ಪಿಕೊಂಡು ಕುಣಿದಳು. ಬಾಯಿ ಬಿಡಬಾರದೆಂದು ನಿಯಮವಿತ್ತು, ಕುಣಿಯಬಾರದೆಂದು ಇರಲಿಲ್ಲ.

ಅಜ್ಜಿ ಬಂದಾಗ ಸಾಲು ಬಾಗಿಲು ದಾಟಿತ್ತು. ಹೊಸ ಇಳಕಲ್ ಸೀರೆ, ಹಿಂದೆ ಬಟ್ಟೆಯ ಗಂಟು ಹಿಡಿದ ಮಾಮಾ. ಮೇಜಿನ ಪಕ್ಕ ನಿಂತು ಅವಳು ಒಬ್ಬೊಬ್ಬರನ್ನೇ ನೋಡಿದಳು. ಪರದೆಯ ಅಜ್ಜಿ ಬಾಯಿ ತೆರೆಯುವುದು, ಕೂಡಲೇ ಕೈ ನೂಕುವುದು. ತೆರೆಯುವುದು, ನೂಕುವುದು.

"ಎಷ್ಟ್ ಮಾತ ಕೇಳ್ತಾರ ನೋಡ ಕೊಲ್ಹಾಪುರದ ಮಂದಿ!" ಎಂದಳು. "ಅಂದ ಕೂಡ್ಲೆ ಮಾಡ್ತಾರ. ಏ ಲಗಮ್ಯಾ, ನೋಡಿ ಕಲಿ."

ಪ್ರಾಜಕ್ತಾ ನನ್ನ ಕಡೆ ನೋಡಿದಳು. ನಾನು ಚಾವಣಿಯ ಕಡೆ ನೋಡಿದೆ.

ಸಂಜೆ ದೊಡ್ಡ ಪರದೆಯ ಮೇಲೆ ಹೊಲ ಹರಡಿಕೊಂಡಿತು. ಧೀರಜ ಸರ್ ತಾವೇ ಆಡುತ್ತೇನೆಂದು ಗುಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡರು. ಅಜ್ಜಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದೆ. ದೊಡ್ಡ ಸ್ಪೀಕರುಗಳಿಂದ ಅವಳ ದನಿ ಸಭಾಂಗಣವನ್ನು ತುಂಬಿದಾಗ ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ಕೈ ತೆಗೆದು ಸುತ್ತ ನೋಡಿದಳು, ಎಲ್ಲರೂ ಕೇಳುತ್ತಿದ್ದಾರೋ ಎಂದು. ಎಲ್ಲರೂ ಕೇಳುತ್ತಿದ್ದರು.

ಹಿಂದಿನಿಂದ ಮಕ್ಕಳು ಎದ್ದು ನಿಂತು ಕೂಗಿದರು. "ಆಜೀ, ಅಜೂನ ಏಕದಾ ನಕೋ ಮ್ಹಣಾ!" ಅಜ್ಜೀ, ಇನ್ನೊಂದು ಸಲ ನಕೋ ಅನ್ನಿ.

ಅಜ್ಜಿ ನನ್ನ ಕಡೆ ಬಾಗಿದಳು. "ಏನ ಅನ್ನಬೇಕಂತ?"

ನಾನು ಬಹಳ ಯೋಚಿಸಿ ಸತ್ಯವನ್ನೇ ಹೇಳಿದೆ. "ನೀ ಆಟದಾಗ ಅಂದೀಯಲಾ, ಅದನ್ನ ಇನ್ನೊಮ್ಮೆ ಅನ್ನಂತಾರ."

"ಅಯ್ಯ, ಅದನ್ನ ಹಿಂಗ ಅಂತಾರೇನ ಇವ್ರು!" ಅಜ್ಜಿ ಎದ್ದಳು. ಯಾರೂ ಕರೆಯದೆ ವೇದಿಕೆ ಹತ್ತಿದಳು. ಸಭೆಯ ಕಡೆ ತಿರುಗಿ, ಮಂದಿಗೆ ಆಡುವ ತನ್ನ ಮರಾಠಿಯಲ್ಲಿ, ನಿಮಗೆ ಬಾಯಿ ತಿರುಗುವುದಿಲ್ಲ, ನಾನು ಹೇಳಿಕೊಡುತ್ತೇನೆ ಎಂದಳು. ಒಲೆ ಊದುವ ಹಾಗೆ ತುಟಿ ಮುಂದೆ ಮಾಡಿ. ನೂ. ಎಲ್ಲಿ, ಅನ್ನಿ. ನೂ.

ತುಂಬಿದ ಸಭೆ ತುಟಿ ಮುಂದೆ ಚಾಚಿತು. ನೂ, ಎಂದರು ಮನಿಷಾ. ನೂ, ಎಂದರು ನಿವೃತ್ತ ಮಾಸ್ತರರು. ನಾನು ಸೋಸಿ ಕಳೆದಿದ್ದ ಸ್ವರ ನೂರಾರು ಬಾಯಿಗಳಿಂದ ಎದ್ದುಬಂತು, ಕಿಟಕಿಯ ಗಾಜು ಗುಂಯ್‌ಗುಟ್ಟಿತು.

"ನೂಕೋ!"

"ನೂಕೋ!" ಎಂದಿತು ಸಭೆ. "ನೂಕೋ! ನೂಕೋ!"

ಅರ್ಥ ಈಗ ಯಾರಿಗೂ ಬೇಕಿರಲಿಲ್ಲ. ಧೀರಜ ಸರ್ ಆವೇಶದಿಂದ ಸರಪಂಚನನ್ನು ನೂಕಿದರು, ಹಟ್ಟಿಯ ಬಾಗಿಲಿಗೆ ತಿರುಗಿಸದೆ, ಅದನ್ನು ದಾಟಿಸಿ, ಇನ್ನೂ ಮುಂದೆ, ಗೋಡೆಯ ಉದ್ದಕ್ಕೂ, ನೇರ ಮೂಲೆಯ ಕಡೆಗೆ. ಅಲ್ಲಿ ಹೋದರೆ ಟಗರು ಸಿಕ್ಕಿಬಿದ್ದಂತೆಯೇ. ಅಜ್ಜಿ ತಿರುಗಿ ಪರದೆ ನೋಡಿ ಗಾಬರಿಯಾದಳು. ಎದುರಿಗಿದ್ದವರು ಕೊಲ್ಹಾಪುರದ ಸಾಹೇಬರು. ಅವರಿಗೆ ತಿಳಿಯಲೆಂದು ಸ್ವಚ್ಛ ಮರಾಠಿಯಲ್ಲೇ ಕಿರುಚಿದಳು.

"ನಕೋ! ಸಾಹೇಬ, ನಕೋ! ನಕೋ!"

"ಹೌದ್ರಿ ಆಜೀ!" ಎಂದು ಧೀರಜ ಸರ್, ತಮಗೆ ಬರುತ್ತಿದ್ದ ಕನ್ನಡವನ್ನೆಲ್ಲ ಒಮ್ಮೆಲೇ ಆಡಿ, ಚಾಚಿದ ತುಟಿಯನ್ನು ಹಾಗೇ ಇಟ್ಟುಕೊಂಡು ಇನ್ನಷ್ಟು ಜೋರಾಗಿ ನೂಕಿದರು.